ಗೊಂಬೆ ಮೆಟ್ಟಿಲ ಮೇಲೆ ಗೂಡ್ಸ್ ವ್ಯಾಗನ್

ಕೆಲಸ ಶುರು ಮಾಡುವುದರಲ್ಲಿ ನನ್ನನ್ನು ಮೀರಿಸುವವರನ್ನು ನಾನಿನ್ನೂ ಕಂಡಿಲ್ಲ. ಆರಂಭಶೂರ ಎಂಬ ಬಿರುದು ನನಗೆ ಮನೆಯಲ್ಲಿ ಆಗಾಗ ಸಲ್ಲುತ್ತಲೇ ಇರುತ್ತದೆ, ಶಾಲು ಮಾತ್ರ ಹೊದಿಸುವುದಿಲ್ಲ. ಹಾರ್ಮೋನಿಯಂ ಕಲಿಯಲು ಹೊರಟು ಪೆಟ್ಟಿಗೆಯ ಮುಚ್ಚಳ ತೆರೆಯುವಷ್ಟು ಕಲಿತೆ. ಹಿತ್ತಿಲಲ್ಲಿ ಮಲ್ಲಿಗೆ ಚಪ್ಪರಕ್ಕೆಂದು ನೆಟ್ಟ ಎರಡು ಕಂಬಗಳ ನಡುವೆ ಹಗ್ಗ ಬಿಗಿದು ಈಗ ಬಟ್ಟೆ ಒಣಹಾಕುತ್ತೇವೆ.

ಇದರಲ್ಲಿ ನನ್ನ ತಪ್ಪೇನೂ ಇಲ್ಲ, ಎಲ್ಲ ಹುಟ್ಟಿದೂರಿನ ಗುಣ. ನನ್ನದು ಹಳೇಬೀಡು. ಅಲ್ಲಿಯ ದೇವಸ್ಥಾನವನ್ನು ತಲೆಮಾರುಗಟ್ಟಲೆ ಕೆತ್ತಿದರು. ಆನೆ, ಕುದುರೆ, ಬಳ್ಳಿ, ಹಂಸ ಎಂದು ಸಾಲಿನ ಮೇಲೆ ಸಾಲು ಕೆತ್ತಿದರು. ಕೆಲಸ ಮಾತ್ರ ಪೂರ್ತಿಯಾಗಲಿಲ್ಲ. ನನ್ನ ಹೆಂಡತಿ ಸರೋಜ ಬೇಲೂರಿನವಳು. ಹೊತ್ತಿಸಿದ ಒಲೆಯಿರಲಿ, ಎತ್ತಿದ ಜಗಳವಿರಲಿ, ಕೊನೆ ಮುಟ್ಟಿಸದೆ ಬಿಟ್ಟವಳಲ್ಲ.

"ನಮ್ಮೂರಲ್ಲಿ ಶುರು ಮಾಡಿದ್ದನ್ನ ಮುಗಿಸ್ತಾರೆ ಕಣ್ರೀ" ಎಂದು ಒಮ್ಮೆ ಚುಚ್ಚಿದಳು.

"ನಿಮ್ಮೂರಿನ ಗುಡಿಯ ಶಿಖರ ಏನಾಯ್ತಂತೆ? ಉಳೀಲಿಲ್ಲವಲ್ಲ" ಎಂದೆ, ಚರಿತ್ರೆಯ ಮೇಷ್ಟ್ರ ಗತ್ತಿನಲ್ಲಿ.

"ಕಟ್ಟಿದ್ರೆ ತಾನೇ ಬೀಳೋದು?" ಎಂದು ಒಳಗೆ ಹೋದಳು. ಅಂದಿನಿಂದ ಅವಳೆದುರಿಗೆ ಹೊಯ್ಸಳರ ಸುದ್ದಿ ಎತ್ತುವುದನ್ನು ಬಿಟ್ಟಿದ್ದೇನೆ.

ಈ ಬೇಲೂರು ಹಳೇಬೀಡುಗಳ ಸಂಸಾರ ನಡೆಯುತ್ತಿರುವುದು ಅರಸೀಕೆರೆಯಲ್ಲಿ, ಗೂಡ್ಸ್ ಶೆಡ್ಡಿಗೆ ಕೂಗಳತೆಯ ಮನೆಯಲ್ಲಿ. ನಾನು ಇಲ್ಲಿಯ ಹೈಸ್ಕೂಲಿನಲ್ಲಿ ಚರಿತ್ರೆ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಸರಕಿನ ಹಡಗಿನಲ್ಲಿ ಇಂಜಿನಿಯರಾಗಿರುವ ನನ್ನ ಭಾವಮೈದ ರಜಕ್ಕೆ ಬಂದಾಗ ಅಕ್ಕನಿಗೆ ಸೀರೆ, ನನಗೊಂದು ರಟ್ಟಿನ ಪೆಟ್ಟಿಗೆ ತಂದ. ಮುಚ್ಚಳದ ಮೇಲೆ ಹಳೆಯ ಕಾಲದ, ಹಲಗೆ ಗೋಡೆಯ, ಬ್ರಿಟಿಷ್ ಗೂಡ್ಸ್ ವ್ಯಾಗನ್ನಿನ ಚಿತ್ರ. ಒಳಗೆ ಪ್ಲಾಸ್ಟಿಕ್ಕಿನ ಚೂರುಗಳು, ಒಂದು ಟ್ಯೂಬು ಅಂಟು, ಹೇಗೆ ಜೋಡಿಸಬೇಕೆಂಬ ಹಾಳೆ. ಜೋಡಿಸಿದರೆ ಮುಕ್ಕಾಲು ಗೇಣುದ್ದದ ವ್ಯಾಗನ್ ಆಗುತ್ತದಂತೆ, ಅಸಲಿನ ಒಂದೊಂದು ಮೊಳೆಯೂ ಅದರಲ್ಲಿ ಕಾಣುತ್ತದಂತೆ. ಇಂಥ ಡಬ್ಬಿಗಳಲ್ಲಿ ತುಂಬಿಯೇ ಬ್ರಿಟಿಷರು ನಮ್ಮ ದೇಶವನ್ನು ಸಾಗಿಸಿದರು ಎಂದು ತರಗತಿಯಲ್ಲಿ ಮೇಜು ಗುದ್ದಿ ಹೇಳಿದ ಮನುಷ್ಯ ನಾನು. ಆ ಪೆಟ್ಟಿಗೆ ಕಂಡದ್ದೇ ತಡ, ಬಾಯಲ್ಲಿ ನೀರೂರಿತು.

ಸುಮ್ಮನೆ ಕಟ್ಟಿದ್ದರೆ ಸರಿಹೋಗುತ್ತಿತ್ತು. ನನ್ನ ಬಾಯಿ ಸುಮ್ಮನಿರಬೇಕಲ್ಲ. ದಸರಾ ಹತ್ತಿರವಾಗಿತ್ತು. ನವರಾತ್ರಿಗೆ ಸರೋಜ ಮೆಟ್ಟಿಲು ಜೋಡಿಸಿ ಗೊಂಬೆ ಕೂರಿಸುತ್ತಾಳೆ. ಪ್ರತಿ ವರ್ಷ ಒಂದಾದರೂ ಹೊಸ ಗೊಂಬೆ ಸೇರಬೇಕು, ಅದು ತಪ್ಪಕೂಡದು ಎಂದು ಅವಳ ತಾಯಿ ಮದುವೆಯಲ್ಲಿ ಪಟ್ಟದ ಗೊಂಬೆಗಳ ಜೊತೆಗೇ ಈ ಕಟ್ಟಳೆಯನ್ನೂ ಕಟ್ಟಿ ಕಳಿಸಿದ್ದರು. ಆ ವರ್ಷ ಸಂತೆಯಲ್ಲಿ ಅವಳು ಒಬ್ಬ ಕುದುರೆ ಸವಾರನನ್ನು ಕೈಗೆತ್ತಿಕೊಂಡಿದ್ದಳು. ನಾನು, "ಇಡೇ ಅದನ್ನ. ಈ ಸಲದ ಹೊಸ ಗೊಂಬೆ ನನ್ನ ವ್ಯಾಗನ್" ಎಂದುಬಿಟ್ಟೆ.

ಅವಳು ಸವಾರನನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡಿದಳು. "ಖಂಡಿತ ಮುಗಿಸ್ತೀರಾ? ಅಮ್ಮ ಹೇಳಿದ್ದು ಇದುವರೆಗೂ ತಪ್ಪಿಲ್ಲ ನೋಡಿ."

"ಮುಗಿಸದೆ ಏನು?" ಎಂದೆ. ಪಾಪ, ನಂಬಿ ಸವಾರನನ್ನು ಕೆಳಗಿಟ್ಟಳು.

ಬೇಲೂರಿನ ಶಿಲ್ಪಿಗಳು ತಾವು ಕೆತ್ತಿದ ವಿಗ್ರಹಗಳ ಅಡಿಯಲ್ಲಿ ಹೆಸರು ಕೊರೆದಿದ್ದಾರೆ. ಅದು ಅವರು ಕೊನೆಯಲ್ಲಿ ಮಾಡಿದ ಕೆಲಸವಿರಬೇಕು. ನಾನು ಮೊದಲು ಮಾಡಿದ್ದೇ ಅದು. ವ್ಯಾಗನ್ನಿನ ತಳದ ಹಲಗೆ ಕೈಗೆ ಬಂದ ಕೂಡಲೇ ಅದರ ಅಡಿಯಲ್ಲಿ ದಬ್ಬಳದಿಂದ ನನ್ನ ಹೆಸರನ್ನು ಇನಿಷಿಯಲ್ ಸಮೇತ ಕೊರೆದೆ. ಅದರ ಮೇಲೆ ಚಕ್ರದ ಚೌಕಟ್ಟು ಕೂರುವುದರಿಂದ ಯಾರಿಗೂ ಕಾಣುವುದಿಲ್ಲ ಎಂಬುದು ಕೊರೆದಾದ ಮೇಲೆ ಹೊಳೆಯಿತು.

ಅಂಟಿನದು ಬೇರೆಯೇ ಸ್ವಭಾವ. ಅಂಟಬೇಕಾದಲ್ಲಿ ಅದಕ್ಕೆ ಮನಸ್ಸಿಲ್ಲ, ಪಂಚೆಯ ಮೇಲೆ ಎಲ್ಲಿಲ್ಲದ ಪ್ರೀತಿ. ಛಾವಣಿಯನ್ನು ಒಣಗಲೆಂದು ದಿನಪತ್ರಿಕೆಯ ಮೇಲಿಟ್ಟರೆ ಕೊಬ್ಬರಿ ಧಾರಣೆಯ ಕಾಲಮ್ಮು ಅದಕ್ಕೆ ಕಚ್ಚಿಕೊಂಡಿತು. ಅರಸೀಕೆರೆಯಲ್ಲಿ ಏನು ಕಟ್ಟಿದರೂ ಕೊನೆಗೆ ಕೊಬ್ಬರಿಗೇ ಬಂದು ನಿಲ್ಲುತ್ತದೆ ಎಂದು ಸಮಾಧಾನ ಮಾಡಿಕೊಂಡು ಉಗುರಿನಿಂದ ಕೆರೆದು ತೆಗೆದೆ. ಬಣ್ಣ ಹೇಗಿರಬೇಕೆಂದು ನೋಡಲು ಗೂಡ್ಸ್ ಶೆಡ್ಡಿಗೆ ಹೋಗಿ, ನಿಂತಿದ್ದ ವ್ಯಾಗನ್ನಿನಿಂದ ಒಂದು ಚಕ್ಕೆ ಎಬ್ಬಿಸುತ್ತಿದ್ದಾಗ ಕಾವಲುಗಾರ ಓಡಿ ಬಂದ. "ಏನ್ ಮೇಷ್ಟ್ರೇ, ಗೌರ್ಮೆಂಟ್ ಗಾಡಿ ಕೆರೀತಾ ನಿಂತಿದ್ದೀರಲ್ಲ! ಯಾರಾನಾ ನೋಡುದ್ರೆ ನನ್ ಕೆಲ್ಸಕ್ಕೆ ಕಲ್ಲು ಬೀಳ್ತೈತೆ!" ಚರಿತ್ರೆಯ ಸಂಶೋಧನೆ ಎಂದೆ. ಅವನು ನನ್ನ ಚಪ್ಪಲಿಯಿಂದ ತಲೆಯವರೆಗೆ ನೋಡಿ, "ಮನೇಲಿ ಎಲ್ರೂ ಚೆನ್ನಾಗವ್ರಾ?" ಎಂದು ಮೆತ್ತಗೆ ಕೇಳಿದ. ಕಡೆಗೆ ಆ ಬಣ್ಣ ಸಿಕ್ಕಿದ್ದು ಹೊಸ್ತಿಲಿಗೆ ಬಳಿಯಲು ಸರೋಜ ಇಟ್ಟಿದ್ದ ಕೆಮ್ಮಣ್ಣಿನಲ್ಲಿ. ಅದಕ್ಕೆ ವಾರ್ನಿಷ್ ಬೆರೆಸಿ ಹಚ್ಚಿದೆ. ಸುಳ್ಳು ಯಾಕೆ ಹೇಳಲಿ, ವ್ಯಾಗನ್ ಕಣ್ಣಿಗೆ ಹಬ್ಬವಾಗಿತ್ತು. ಬಾಗಿಲು ಸರಿಯುತ್ತಿತ್ತು ಕೂಡ!

ಅಮಾವಾಸ್ಯೆಯ ಸಂಜೆಗೆ ಉಳಿದದ್ದು ಚಕ್ರಗಳ ಚೌಕಟ್ಟೊಂದೇ. ಅದನ್ನೂ ಜೋಡಿಸಿ, ವ್ಯಾಗನ್ನಿಗೆ ಕೂರಿಸುವ ಮೊದಲು ಒಣಗಲೆಂದು ಬೇರೆ ಇಟ್ಟೆ. ಪಾಡ್ಯದ ಬೆಳಿಗ್ಗೆ ಮುಟ್ಟಿದರೆ ಅಂಟು ಇನ್ನೂ ಹಸಿ. ಬಚ್ಚಲಲ್ಲಿ ಎಣ್ಣೆಸ್ನಾನಕ್ಕೆ ಹಂಡೆ ಕೊತಕೊತ ಕಾಯುತ್ತಿತ್ತು. ಒದ್ದೆ ಬನೀನನ್ನು ಹಂಡೆಯ ಮುಚ್ಚಳದ ಮೇಲೆ ಹರವಿ ಒಣಗಿಸಿಕೊಳ್ಳುವುದು ನಮ್ಮ ಕಡೆ ಎಲ್ಲರೂ ಬಲ್ಲ ಉಪಾಯ. ಬನೀನಿಗೆ ಆಗುವುದು ಚಕ್ರಕ್ಕೆ ಏಕಾಗಬಾರದು? ಚೌಕಟ್ಟನ್ನು ಮುಚ್ಚಳದ ಮೇಲಿಟ್ಟು ಕಾಫಿ ಕುಡಿಯಲು ಹೋದೆ. ಬಂದು ನೋಡುತ್ತೇನೆ, ಅಯ್ಯೋ ದೇವರೇ! ಚಕ್ರಗಳು ನಾಲ್ಕೂ ತಟ್ಟಿದ ನಿಪ್ಪಟ್ಟಿನಂತೆ ಮುಚ್ಚಳಕ್ಕೆ ಅಂಟಿ ಮಲಗಿದ್ದವು. ಇಷ್ಟು ದಿನ ಅಂಟಬೇಕಾದಲ್ಲಿ ಅಂಟದ ಆ ಪ್ಲಾಸ್ಟಿಕ್ಕು ತಾಮ್ರಕ್ಕೆ ಮಾತ್ರ ಜನ್ಮಾಂತರದ ನಂಟಿನಂತೆ ಅಂಟಿತ್ತು.

ಸರೋಜ ಬಂದು ನೋಡಿದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ. "ಸಂತೆ ಇನ್ನು ಮುಂದಿನ ವಾರ. ಇವತ್ತು ಹೊಸ ಗೊಂಬೆ ಎಲ್ಲಿಂದ ತರಲಿ?" ಎಂದಳು ಅಷ್ಟೆ. ಹಾರ್ಮೋನಿಯಂ ನಿಂತುಹೋದರೆ ನೆರೆಹೊರೆಯವರಿಗೆ ಸುಖವಾಯಿತು. ಈ ಸಲ ನಾನು ನಿಲ್ಲಿಸಿದ್ದು ಅವಳ ಅಮ್ಮನ ಮಾತನ್ನು. ಸ್ನಾನ ಮಾಡಿ, ಮುಖ ತಪ್ಪಿಸಿಕೊಂಡು ಜಗಲಿಯ ಮೇಲೆ ಕೂತೆ.

ಸಂಜೆ ಆರತಿಗೆ ಹೆಂಗಸರು ಬಂದರು. ಒಳಗೆ ಇಣುಕಿದರೆ, ಮೇಲೆ ಪಟ್ಟದ ಗೊಂಬೆಗಳು, ಕೆಳಗಿನ ಮೆಟ್ಟಿಲಲ್ಲಿ ಅಕ್ಕಿ ಬೇಳೆ ರಾಶಿ ಹಾಕಿಕೊಂಡು ಕೂತ ಶೆಟ್ಟಿ ಶೆಟ್ಟಿಗಿತ್ತಿ. ಅವರ ಬೆನ್ನ ಹಿಂದೆ, ಚಕ್ರವಿಲ್ಲದ ನನ್ನ ವ್ಯಾಗನ್ ನೆಲಕ್ಕೂರಿ ಕೂತಿದೆ. ಬಾಗಿಲು ಸರಿಸಿ, ಒಳಗೆ ಹೆಸರುಕಾಳಿನ ಪುಟ್ಟ ಗಂಟುಗಳನ್ನು ಇಟ್ಟಿದ್ದಾಳೆ. ಶೆಟ್ಟರ ಉಗ್ರಾಣ! ಶೆಟ್ಟರು ಎದ್ದು ನಿಂತರೆ ತಲೆ ಛಾವಣಿಗಿಂತ ಮೇಲೆ ಹೋಗುತ್ತಿತ್ತು, ಅಳತೆ ಎಲ್ಲ ಕೆಟ್ಟಿತ್ತು. ಆದರೆ ಹುಲಿ, ಪೊಲೀಸ್, ಬದನೆಕಾಯಿ ಮೂರೂ ಒಂದೇ ಎತ್ತರವಿರುವ ಲೋಕದಲ್ಲಿ ಅಳತೆಯ ಮಾತನ್ನು ಯಾರ ಹತ್ತಿರ ಆಡುವುದು?

ಪಕ್ಕದ ಮನೆಯ ಪುಟ್ಟಮ್ಮನವರು ಕೆನ್ನೆಗೆ ಕೈಯಿಟ್ಟುಕೊಂಡರು. ಅವರ ಯಜಮಾನರು ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್. "ಅಯ್ ಶಿವನೆ! ನಮ್ ಯಾರ್ಡ್ ಮೂಲೇಲಿ ಗಾಲಿ ಬಿಚ್ಚಿ ಇಳ್ಸವ್ರಲ್ಲ, ಆ ಹಳೇ ಡಬ್ಬಿ ಥರಾನೇ ಐತೆ ಕಣ್ರೀ! ನಮ್ಮನೆಯೋರು ಲಾಟೀನು ಇಟ್ಕೊಳ್ಳೋದು ಅದ್ರಾಗೇ. ಯಾರ್ ಮಾಡಿದ್ದು?"

"ನಮ್ಮನೆಯವರು" ಎಂದಳು ಸರೋಜ. "ಈ ವರ್ಷದ ಹೊಸ ಗೊಂಬೆ."

ಆ ದಸರಾ ಪೂರ್ತಿ ನಾನು ಆರತಿಯ ವೇಳೆಗೆ ಏನಾದರೊಂದು ನೆಪ ಮಾಡಿಕೊಂಡು ಆ ಕೋಣೆಯ ಬಳಿ ಸುಳಿದಾಡಿದೆ. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಹೇಳಲು ಬಹಳವಿತ್ತು.

ವಿಜಯದಶಮಿಯ ಸಂಜೆ, ಹೆಂಗಸರೆಲ್ಲ ಆರತಿಗೆ ಬಂದಿದ್ದಾಗ, ಗೊಂಬೆ ಮಲಗಿಸುವ ಶಾಸ್ತ್ರ. ಇಷ್ಟು ದಿನ ಕೂತು ದಣಿದ ಪಟ್ಟದ ರಾಜರಾಣಿಯರನ್ನು ಸರೋಜ ಮೆಲ್ಲಗೆ ಮಲಗಿಸಿದಳು. ಆಮೇಲೆ ಕೆಳಗಿನ ಮೆಟ್ಟಿಲಿಗೆ ಬಗ್ಗಿ ವ್ಯಾಗನ್ನನ್ನು ಎತ್ತಿದಳು. ತಳ ಕಣ್ಣಿಗೆ ಬಿತ್ತು. ಮುಚ್ಚಲು ಚೌಕಟ್ಟಿಲ್ಲದ್ದರಿಂದ ನನ್ನ ಹೆಸರು ಇನಿಷಿಯಲ್ ಸಮೇತ ಸ್ಪಷ್ಟವಾಗಿತ್ತು.

"ಹೆಸರು ಬೇರೆ ಕೊರೆದಿದ್ದೀರ! ಕೆಲಸ ಮುಗಿಸಿದೋರು ಅಲ್ವೇ ಕೊರೆಯೋದು?"

"ಮುಗಿದಿಲ್ವಾ?" ಎಂದೆ.

ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಬೇಲೂರಿನವಳ ಪರೀಕ್ಷೆ, ಬೇಗ ಮುಗಿಯುವಂಥದ್ದಲ್ಲ. "ಮುಗೀತು ಬಿಡಿ" ಎಂದಳು. "ಇನ್ನು ಅದಕ್ಕೆ ಗಾಲಿ ಗೀಲಿ ಹಾಕೋಕೆ ಹೋಗ್ಬೇಡಿ. ಶೆಟ್ಟರ ಉಗ್ರಾಣ ಉರುಳಿ ಹೋದೀತು." ಎಂದವಳೇ ಪಟ್ಟದ ಗೊಂಬೆಗಳ ಪಕ್ಕದಲ್ಲಿ, ಹೆಸರು ಜನರ ಕಡೆಗೆ ಕಾಣುವಂತೆ, ಅದನ್ನೂ ಒಂದು ಮಗ್ಗುಲಿಗೆ ಮಲಗಿಸಿದಳು.

ವ್ಯಾಗನ್ ಹೀಗೆ ಮಗ್ಗುಲಾದರೆ ರೈಲ್ವೆಯವರು ವಿಚಾರಣೆ ಕೂರಿಸುತ್ತಾರೆ. ನಮ್ಮ ಮನೆಯಲ್ಲಿ ಆರತಿ ಎತ್ತಿದರು.