ನರ್ಸಮ್ಮನ ಮನೆಗೆ ಬಂದ ಗಂಟಲುಮಾರಿ

ಜಂಗಮಕೋಟೆಯ ಸುತ್ತಲಿನ ಹನ್ನೊಂದು ಹಳ್ಳಿಗಳಲ್ಲಿ ಶ್ಯಾಮಲಮ್ಮನ ಸೂಜಿಯಿಂದ ತಪ್ಪಿಸಿಕೊಂಡ ಮಗು ಇಲ್ಲ ಎಂಬ ಮಾತಿತ್ತು. ಹಿಪ್ಪುನೇರಳೆ ತೋಟದಲ್ಲಿ ಅಡಗಿ ಕೂತ ಮಕ್ಕಳನ್ನೂ ಹೆಸರು ಹಿಡಿದು ಕೂಗಿ ಎಳೆತಂದ ನರ್ಸಮ್ಮ ಆಕೆ. ರೇಷ್ಮೆಹುಳು ಸಾಕುವ ಮನೆಗೆ ಹೊರಗಿನವರು ಬರಬಾರದೆಂದು ಬಾಗಿಲಲ್ಲೇ ತಡೆದವರಿಗೆ, "ಹುಳಕ್ಕಿರೋ ಜಾಗ್ರತೆ ಮಗೂಗೂ ಇರ್ಲಪ್ಪ" ಎಂದು ಕುಟುಕುತ್ತಿದ್ದಳು.

ಅಂಥವಳ ಸ್ವಂತ ಮೊಮ್ಮಗಳು, ಮಗ ನರೇಂದ್ರನ ಮಗಳು ಹರಿತಾಳಿಗೆ ಒಂದೂವರೆ ವರ್ಷದ ಲಸಿಕೆಯೂ ತಪ್ಪಿತು, ಐದು ವರ್ಷದ್ದೂ ತಪ್ಪಿತು. ಒಮ್ಮೆ ಮಗುವಿಗೆ ಜ್ವರ, ಒಮ್ಮೆ ಮದುವೆಯ ಓಡಾಟ. ಮನೆಯ ಮಗುವಲ್ಲವೇ, ನಾಳೆ ಹಾಕಿದರಾಯಿತು ಎಂದುಕೊಂಡಳು. ಆ ನಾಳೆ ಬರಲೇ ಇಲ್ಲ.

ಆರು ತುಂಬಿದ ಮೇಲೆ ಹರಿತಾಳಿಗೆ ಗಂಟಲು ನೋವು ಬಂತು. ಶ್ಯಾಮಲಮ್ಮ ಟಾರ್ಚ್ ಹಿಡಿದು ನೋಡಿದಳು. ಗಂಟಲೊಳಗೆ ಬೂದು ಬಣ್ಣದ ಪೊರೆ. ಪುಸ್ತಕದಲ್ಲಿ ಡಿಫ್ತೀರಿಯಾ ಎಂದು ಓದಿದ್ದ ಗಂಟಲುಮಾರಿಯನ್ನು ಆಕೆ ಮೊದಲ ಸಲ ಕಣ್ಣಾರೆ ಕಂಡದ್ದು ತನ್ನದೇ ಮನೆಯಲ್ಲಿ.

ದೊಡ್ಡಾಸ್ಪತ್ರೆಯಲ್ಲಿ ವಿಷ ತಡೆಯುವ ಮದ್ದು ಏರಿಸಿದರು. ಮಗುವನ್ನು ನೋಡುತ್ತಿದ್ದ ಡಾಕ್ಟರ್ ಯಶೋಧರಾ ವಾರ್ಡಿನ ಹೊರಗಿನ ಬೆಂಚಿನಲ್ಲಿ ಶ್ಯಾಮಲಮ್ಮನ ಪಕ್ಕ ಬಂದು ಕೂತಳು.

"ಮದ್ದು ಹಾಕಿದ್ರಲ್ಲ ಮೇಡಂ, ಇನ್ನೇನು ಭಯ ಇಲ್ಲ ಅಲ್ವಾ?"

"ಹೊರಗಡೆ ಇರೋ ವಿಷಾನ ಅದು ಹಿಡಿಯುತ್ತೆ ಸಿಸ್ಟರ್. ಜೀವಕೋಶದ ಒಳಕ್ಕೆ ಹೋಗಿರೋದನ್ನ ಮುಟ್ಟಕ್ಕಾಗಲ್ಲ."

"ಒಳಗೆ ಹೋಗಿ ಏನ್ಮಾಡುತ್ತೆ ಅದು?"

ಯಶೋಧರಾ ಬಿಡಿಸಿ ಹೇಳಿದಳು. ಬ್ಯಾಕ್ಟೀರಿಯಾದ ಆ ವಿಷ ಒಂದು ಕಿಣ್ವ. ಜೀವಕೋಶದಲ್ಲಿ ಸಾವಿರಾರು ಬಗೆಯ ಪ್ರೋಟೀನುಗಳು ಸಂತೆಯ ಜನದಂತೆ ಒತ್ತೊತ್ತಾಗಿರುತ್ತವೆ. ಅಷ್ಟರಲ್ಲಿ ಅದಕ್ಕೆ ಬೇಕಾದದ್ದು ಒಂದೇ: ಹೊಸ ಪ್ರೋಟೀನು ಕಟ್ಟುವ ಯಂತ್ರವನ್ನು ಮುಂದಕ್ಕೆ ತಳ್ಳುವ ಪ್ರೋಟೀನು. ಅದರ ಮೈಮೇಲೊಂದು ಗುರುತಿದೆ, ದೇಹದ ಬೇರಾವ ಪ್ರೋಟೀನಿಗೂ ಇಲ್ಲದ್ದು. ಕಿಣ್ವ ಸರಿಯಾಗಿ ಅಲ್ಲಿಗೇ ಒಂದು ರಾಸಾಯನಿಕ ತುಣುಕನ್ನು ಅಂಟಿಸುತ್ತದೆ. ಯಂತ್ರ ನಿಂತು ಕೋಶ ಸಾಯುತ್ತದೆ. ಆ ಗುರುತೇ ಇಲ್ಲದ ಕೋಶವಾದರೆ ವಿಷ ಒಳಹೊಕ್ಕರೂ ಏನೂ ಮಾಡಲಾರದು.

"ಆ ಗುರುತು ಹಾಕೋರ್ಯಾರು ಮೇಡಂ?"

"ನಮ್ಮ ಜೀವಕೋಶಾನೇ. ತನ್ನ ಕೆಲ್ಸಕ್ಕೆ ಅಂತ ಹಾಕ್ಕೊಂಡಿರುತ್ತೆ. ಇದು ಅದನ್ನೇ ಪತ್ತೆ ಹಚ್ಚುತ್ತೆ."

ಶ್ಯಾಮಲಮ್ಮ ಬೆರಗಾಗಿ ಕೂತುಬಿಟ್ಟಳು. ಕಣ್ಣಿಲ್ಲ, ಬುದ್ಧಿಯಿಲ್ಲ, ಆದರೂ ಸಾವಿರಾರರಲ್ಲಿ ಆ ಒಂದನ್ನು ತಪ್ಪದೆ ಹಿಡಿಯುತ್ತದೆ. ತನಗೋ ಎರಡು ಕಣ್ಣಿದ್ದವು, ಕೈಯಲ್ಲಿ ರಿಜಿಸ್ಟರಿತ್ತು, ಮಡಿಲಲ್ಲಿ ಕೂತ ಮಗು ಮಾತ್ರ ಕಾಣಲಿಲ್ಲ. ಇಂಥ ಸೂಕ್ಷ್ಮಕ್ಕೆ ಕೈಮುಗಿಯಬೇಕೆನಿಸಿತು, ಅದರ ಬೆನ್ನಿಗೇ ಅಳು ಬಂತು.

ಕೆಲವೇ ದಿನಗಳಲ್ಲಿ ಹರಿತಾಳ ಗಂಟಲಿನ ನರ ಸೋತಿತು. ಕುಡಿಸಿದ ನೀರು ಮೂಗಿನಿಂದ ವಾಪಸು ಬರತೊಡಗಿತು. ಕೊಳವೆಯಲ್ಲೇ ಗಂಜಿ ಹಾಕಿದರು. ಹೃದಯಕ್ಕೂ ತಗಲಬಹುದೆಂದು ದಿನಾ ಇಸಿಜಿ ತೆಗೆದರು. ನರ ತಾನಾಗಿಯೇ ಚೇತರಿಸಿಕೊಳ್ಳಬೇಕು, ಕಾಯುವುದೊಂದೇ ದಾರಿ ಎಂದಳು ಯಶೋಧರಾ. ಶ್ಯಾಮಲಮ್ಮ ಕಾದಳು. ಪಕ್ಕದ ಮಂಚದವರಿಗೆಲ್ಲ, ಅವರು ಕೇಳದಿದ್ದರೂ, "ತಪ್ಪು ನಂದೇ ಕಣಮ್ಮ, ನಾನೇ ಹಾಕ್ಲಿಲ್ಲ" ಎಂದು ಹೇಳಿದಳು.

ನಾಲ್ಕನೇ ವಾರ, ಇಸಿಜಿ ಸರಿಯಾಗಿದೆ ಎಂದ ದಿನ, ಯಶೋಧರಾ ಒಂದು ಚಮಚ ನೀರು ಕೊಟ್ಟು ನೋಡಿ ಎಂದಳು. ಹರಿತಾ ನುಂಗಿದಳು. ಶ್ಯಾಮಲಮ್ಮ ಆ ಪುಟ್ಟ ಮೂಗನ್ನೇ ನೋಡಿದಳು. ಒಂದು ಹನಿಯೂ ಹೊರಗೆ ಬರಲಿಲ್ಲ.

"ಅಜ್ಜಿ, ಇನ್ನೂ ಬೇಕು" ಎಂದಿತು ಮಗು.

ಶ್ಯಾಮಲಮ್ಮ ಚಮಚ ಪಕ್ಕಕ್ಕಿಟ್ಟು ಲೋಟವನ್ನೇ ಎತ್ತಿಕೊಂಡಳು. ಯಶೋಧರಾ ಮೆಲ್ಲಗೆ ಆಕೆಯ ಕೈ ಹಿಡಿದು, "ನಿಧಾನ ಸಿಸ್ಟರ್, ಒಂದೊಂದೇ ಚಮಚ" ಎಂದಳು.