ಮನೆಯಿಂದ ಮಾತ್ರ ಹೊರಡದ ಜೀಪು

ನನ್ನ ಗಂಡ ಸೊದ್ನೊಮ್ ಗಾಡಿ ರಿಪೇರಿಗೆ ಬಂದರೆ ಮೊದಲು ಸ್ಪ್ಯಾನರ್ ಮುಟ್ಟುವುದಿಲ್ಲ. ತಂದವನನ್ನು ಎದುರು ಕೂರಿಸಿ, ನನ್ನ ಕೈಯಿಂದ ಉಪ್ಪು ಚಹಾ ಕೊಡಿಸಿ, ಪೊಲೀಸನ ಹಾಗೆ ಪ್ರಶ್ನೆ ಹಾಕುತ್ತಾನೆ. ಏರಿನಲ್ಲಿ ನಿಂತಿತೋ, ಇಳಿಜಾರಿನಲ್ಲೋ? ಇಂಜಿನ್ ಬಿಸಿಯಾಗಿತ್ತೋ, ತಣ್ಣಗಿತ್ತೋ? ಪೆಟ್ರೋಲ್ ಎಲ್ಲಿಯದು? "ಗಾಡಿ ಸುಳ್ಳು ಹೇಳಲ್ಲ, ಓಡಿಸೋನು ಹೇಳ್ತಾನೆ" ಎನ್ನುವುದು ಅವನ ಮಂತ್ರ.

ಸುತ್ತ ನೂರು ಕಿಲೋಮೀಟರಿನ ಹುಲ್ಲುಗಾವಲಿನಲ್ಲಿ ಓಡಾಡುವ ಹಳೆಯ ಗಾಡಿಗಳೆಲ್ಲ ಅವನ ಶೆಡ್ಡಿಗೇ ಬರಬೇಕು. ಗ್ಯಾಸ್ಕೆಟ್ ಸಿಗದಿದ್ದರೆ ಹಳೆಯ ಬೂಟಿನ ಚರ್ಮ ಕತ್ತರಿಸಿ ಕೂರಿಸುತ್ತಾನೆ. ಯಾರ ಬೂಟು ಎಂದು ಬೇರೆ ಹೇಳಬೇಕೆ? ನಾನು ಚಳಿಗಾಲಕ್ಕೆ ಹೊಸದು ಕೊಳ್ಳುವುದನ್ನೇ ಬಿಟ್ಟಿದ್ದೇನೆ. ಇಂಥವನಿಗೂ ಒಂದು ವರ್ಷ ನೀರು ಕುಡಿಸಿದ್ದು ಬ್ಯಾಂಬಾನ ಜೀಪು.

ಬ್ಯಾಂಬಾ ಕುರಿ ಮೇಕೆ ಸಾಕುವವನು. ವಯಸ್ಸು ಮೂವತ್ತನಾಲ್ಕು, ದಿನಕ್ಕೆ ಆಡುವ ಮಾತು ಅಷ್ಟೂ ಇಲ್ಲ. ಜೀಪು ಅವನಪ್ಪನ ಕಾಲದ್ದು, ಅವನಿಗಿಂತ ಹಿರಿಯದು. ಮೇಕೆಗಳಿಗೆ ಸೂಜಿ ಹಾಕಲು ಬರುತ್ತಿದ್ದ ಪಶುವೈದ್ಯೆ ಯಂಜ್ಮಾಳ ಮೇಲೆ ಅವನಿಗೆ ಮನಸ್ಸಾಯಿತು, ಅವಳಿಗೂ ಆಯಿತು. ಇನ್ನು ಎಂಬತ್ತು ಕಿಲೋಮೀಟರ್ ಹೋಗಿ, ಅವಳಪ್ಪ ಚೊಯ್ಜಿಲ್‌ನ ಮುಂದೆ ನೀಲಿ ರೇಷ್ಮೆ ವಸ್ತ್ರ ಹಿಡಿದು ಹೆಣ್ಣು ಕೇಳುವುದೊಂದೇ ಬಾಕಿ. ಲಾಮಾ ಒಳ್ಳೆಯ ದಿನ ನೋಡಿಕೊಟ್ಟರು. ಜೀಪು ಎರಡು ಕಿಲೋಮೀಟರ್ ಹೋಗಿ ನಿಂತಿತು. ಶುಭಕಾರ್ಯಕ್ಕೆ ಹೊರಟ ಗಾಡಿ ನಿಂತರೆ ಅವತ್ತು ಮುಂದೆ ಹೋಗುವಂತಿಲ್ಲ.

ಸೊದ್ನೊಮ್ ನೋಡಿದ, ಪ್ಲಗ್ ವೈರ್ ಬಿರುಕು ಬಿಟ್ಟಿತ್ತು, ಬದಲಾಯಿಸಿದ. ಎರಡನೇ ಒಳ್ಳೆಯ ದಿನವೂ ಜೀಪು ಮಿಸ್ಸಿಂಗ್ ಹೊಡೆದು ಅಲ್ಲೇ ನಿಂತಿತು. ಎಳೆದು ತಂದರೆ ಶೆಡ್ಡಿನಲ್ಲಿ ಒಂದೇ ಸಲಕ್ಕೆ ಸ್ಟಾರ್ಟ್. ಪ್ಲಗ್ ಹೊಸದು ಹಾಕಿದ, ಕಾರ್ಬೊರೇಟರ್ ಬಿಚ್ಚಿ ತೊಳೆದ, ಪ್ಲಗ್ ಕುಳಿಗಳ ಕಪ್ಪು ಕಿಟ್ಟವನ್ನು ಆಯಿಲ್ ಎಂದುಕೊಂಡು ಒರೆಸಿದ. ಜೀಪು ಊರೆಲ್ಲ ಸುತ್ತಿ ಬಂತು. ಮೂರನೇ ಒಳ್ಳೆಯ ದಿನ ಒಂದೂವರೆ ಕಿಲೋಮೀಟರಿಗೇ ನಿಂತಿತು.

ಬಾನೆಟ್ ಎತ್ತಿದಾಗಲೆಲ್ಲ ಅವನು ಮೂಗು ಅರಳಿಸಿ, "ನಿನ್ನ ಹಾಲು ಉಕ್ಕಿ ಸೀದು ಹೋಗ್ತಿದೆ ನೋಡೇ" ಎಂದು ನನ್ನನ್ನು ಒಳಗೆ ಓಡಿಸುತ್ತಿದ್ದ. ಒಲೆಯ ಮೇಲೆ ಹಾಲೇ ಇರುತ್ತಿರಲಿಲ್ಲ. ಅದಕ್ಕೆ ಎರಡು ದಿನ ಮಾತು ಬಿಟ್ಟಿದ್ದೆ.

ಬೇರೆ ಗಾಡಿಯಲ್ಲಿ ಹೋಗಿ ಎಂದರೆ ಬ್ಯಾಂಬಾನ ತಾಯಿ ದುಲ್ಮಕ್ಕ ಸುತರಾಂ ಒಪ್ಪಲಿಲ್ಲ. ಎರವಲು ಗಾಡಿಯಲ್ಲಿ ಹೆಣ್ಣು ಕೇಳುವುದೇ? ಅತ್ತ ಚೊಯ್ಜಿಲ್ ಹೇಳಿ ಕಳಿಸಿದ: "ಹುಡುಗಿ ಬೇಡದಿದ್ರೆ ಬಾಯಿಬಿಟ್ಟು ಹೇಳಿ, ಪಾಪದ ಜೀಪಿನ ಮೇಲೆ ಹಾಕಬೇಡಿ. ನಾಲ್ಕನೇ ಸಲವೂ ನಿಂತ್ರೆ ಮತ್ತೆ ಈ ಕಡೆ ಬರೋದು ಬೇಡ."

ಸೊದ್ನೊಮ್‌ಗೆ ಊಟ ಸೇರಲಿಲ್ಲ. "ಗಾಡೀನ ನೋಡಿದ್ದಾಯ್ತು. ಅದು ಮನೆ ಬಿಡೋದನ್ನ ನೋಡ್ಬೇಕು" ಎಂದ. ಹಿಂದಿನ ದಿನವೇ ನಾವಿಬ್ಬರೂ ದುಲ್ಮಕ್ಕನ ಗುಡಾರಕ್ಕೆ ಹೋಗಿ ಉಳಿದೆವು.

ಬೆಳಿಗ್ಗೆ ಇಂಜಿನ್ ಚೆನ್ನಾಗಿಯೇ ಸ್ಟಾರ್ಟ್ ಆಯಿತು. ಬ್ಯಾಂಬಾ ಹೊಸ ನಿಲುವಂಗಿ ತೊಟ್ಟು ಸ್ಟಿಯರಿಂಗ್ ಹಿಡಿದು ಕೂತಿದ್ದ. ದುಲ್ಮಕ್ಕ ಒಂದು ಕೈಯಲ್ಲಿ ಅರ್ಧ ಬಕೆಟ್ ಹಾಲು, ಇನ್ನೊಂದರಲ್ಲಿ ಮರದ ಸೌಟು ಹಿಡಿದು ಬಂದಳು. ದಾರಿ ಸುಗಮವಾಗಲಿ ಎಂದು ದೇವರಿಗೆ ಬೇಡಿ ನಮ್ಮಲ್ಲಿ ಎಲ್ಲರೂ ಹೊರಟವರ ಬೆನ್ನಿಗೆ ಹಾಲು ಚಿಮುಕಿಸುತ್ತೇವೆ. ಅವಳು ನೇರ ಜೀಪಿನ ಮುಂದೆ ನಿಂತು, ತುಂಬಿದ ಸೌಟನ್ನು ಬಾನೆಟ್ ಮೇಲೆ ಎತ್ತಿದಳು.

ಸೊದ್ನೊಮ್ ಅವಳ ಕೈ ಹಿಡಿದುಬಿಟ್ಟ. ಹಾಲು ಹಾಕುವ ಕೈ ಹಿಡಿಯುವುದು ನಮ್ಮಲ್ಲಿ ಯಾರೂ ಮಾಡದ ಕೆಲಸ.

"ಕೈ ಬಿಡೋ. ತಲೆ ಕೆಟ್ಟಿದ್ಯಾ?"

"ದುಲ್ಮಕ್ಕಾ, ಹೋದ ಸಲ ಎಷ್ಟು ಹಾಕಿದ್ರಿ?"

"ಮೊದಲ ಸಲ ಬೆನ್ನಿಗೆ ಒಂದು ಸೌಟು ಹಾಕ್ದೆ, ದೇವರಿಗೆ ತಲುಪಲಿಲ್ಲ. ಆಮೇಲೆ ಮುಂದೇನೇ ಹಾಕ್ದೆ. ನಿಂತ ಹಾಗೆಲ್ಲ ಜಾಸ್ತಿ ಹಾಕ್ದೆ. ಇನ್ನೇನು ಮಾಡ್ಲಿ, ನಿನ್ನ ನಂಬಿ ಕೂರಕ್ಕಾಗತ್ತಾ?"

ಅವನು ಬಾನೆಟ್ ಎತ್ತಿ, ಪ್ಲಗ್ ಕುಳಿಯ ಮೂಲೆಯಲ್ಲಿ ಉಳಿದಿದ್ದ ಕಿಟ್ಟವನ್ನು ಉಗುರಿನಲ್ಲಿ ಕೆರೆದು ಅವಳ ಮೂಗಿನ ಹತ್ತಿರ ಹಿಡಿದ. ನಾನೂ ಮೂಸಿದೆ. ಸೀದ ಹಾಲು. ಬಾನೆಟ್ ಸಂದಿನಲ್ಲಿ ಇಳಿದು, ಪ್ಲಗ್‌ಗಳನ್ನು ಒದ್ದೆ ಮಾಡಿ, ಕರೆಂಟು ಕೆಡಿಸಿ, ಶೆಡ್ಡು ತಲುಪುವಷ್ಟರಲ್ಲಿ ಒಣಗಿಬಿಡುತ್ತಿತ್ತು. ಅಷ್ಟು ಪ್ರಶ್ನೆ ಕೇಳಿದವನು ಹಾಲಿನ ವಿಷಯ ಕೇಳಿರಲಿಲ್ಲ. ಬ್ಯಾಂಬಾ ಹೇಳಿಯೂ ಇರಲಿಲ್ಲ. ಮನೆ ಬಿಡುವಾಗ ಉಸಿರಾಡುತ್ತಿದ್ದೆ ಎಂದು ಯಾರಾದರೂ ಹೇಳುತ್ತಾರೆಯೇ?

ನಾನು ಗಂಡನ ಮುಖ ನೋಡಿದೆ. "ಯಾರ ಹಾಲು ಸೀದಿದ್ದು?" ಎಂದೆ. ಅವನು ಕೇಳಿಸದವನ ಹಾಗೆ ಕೈ ಒರೆಸಲು ಬಟ್ಟೆ ಹುಡುಕಿದ.

ದುಲ್ಮಕ್ಕ ಸೌಟನ್ನು ಬಕೆಟ್ಟಿಗೆ ಇಳಿಸಿದಳು. "ಹಾಗಾದ್ರೆ ಅದು ನಿಂತಿದ್ದೆಲ್ಲ ನನ್ನಿಂದ" ಎಂದಳು.

"ಮೊದಲ ಸಲ ನಿಮ್ಮಿಂದಲ್ಲ, ವೈರ್ ಹೋಗಿತ್ತು. ನಿಮ್ಮ ಹಾಲು ದೇವರಿಗೆ ಸರಿಯಾಗೇ ತಲುಪಿತ್ತು. ಅದಕ್ಕೇ ನಮ್ಮ ಶೆಡ್ಡಿಗೆ ಹತ್ತಿರದಲ್ಲೇ ನಿಂತಿದ್ದು."

ಅವನು ಇಷ್ಟು ಒಳ್ಳೆಯ ಮಾತು ನನಗೆ ಎಂದೂ ಹೇಳಿದ್ದಿಲ್ಲ. ದುಲ್ಮಕ್ಕ ಬಕೆಟ್ಟನ್ನು ನೆರೆಯವಳ ಕೈಗೆ ಕೊಟ್ಟು, "ಹಿಂದಿನಿಂದ ಹಾಕು. ಒಂದೇ ಸೌಟು" ಎಂದವಳೇ ಜೀಪು ಹತ್ತಿದಳು. "ಮಾಡಿದೋಳು ನಾನು, ಹೇಳೋಳೂ ನಾನೇ." ನಾವಿಬ್ಬರೂ ಹಿಂದೆ ಹತ್ತಿಕೊಂಡೆವು.

ಎಂಬತ್ತು ಕಿಲೋಮೀಟರ್, ಒಂದು ಕೆಮ್ಮಿಲ್ಲ. ನಾನಂತೂ ದಾರಿಯುದ್ದಕ್ಕೂ ನಗುತ್ತಲೇ ಇದ್ದೆ.

ಚೊಯ್ಜಿಲ್, ಬಂದವರನ್ನು ಸ್ವಾಗತಿಸಲು ಕೊಡುವ ನಶ್ಯದ ಶೀಸೆಯನ್ನು ಕೈಯಲ್ಲೇ ತಿರುಗಿಸುತ್ತ ಕೂತಿದ್ದ, ಮುಂದೆ ಚಾಚಲಿಲ್ಲ. "ಈ ಸಲ ನಾಲ್ಕೂ ಚಕ್ರ ಜೊತೇಲೇ ಬಂದ್ವಾ?" ಎಂದ. ಬ್ಯಾಂಬಾನ ಕಿವಿ ಕೆಂಪಾಯಿತು. ಮರ್ಯಾದೆ ಉಳಿಸಲು ಸೊದ್ನೊಮ್, "ವೈರು ಹಳೇದು, ಅದಕ್ಕೆ..." ಎಂದು ಶುರು ಮಾಡಿದ.

"ಸುಮ್ನಿರೋ. ವೈರೂ ಅಲ್ಲ, ಮಣ್ಣೂ ಅಲ್ಲ," ಎಂದಳು ದುಲ್ಮಕ್ಕ. ಸೌಟಿನಿಂದ ಅರ್ಧ ಬಕೆಟ್‌ವರೆಗೆ ಒಂದನ್ನೂ ಬಿಡದೆ ಹೇಳಿದಳು. ಇಡೀ ಹುಲ್ಲುಗಾವಲಿನಲ್ಲಿ ಯಾರಿಗೂ ತಲೆ ಬಾಗದ ಹೆಂಗಸು ಅವಳು.

ಚಹಾ ಬಗ್ಗಿಸುತ್ತಿದ್ದ ಯಂಜ್ಮಾ ಕೈ ತಡೆದು ನಿಂತಳು. "ಅಂದ್ರೆ ನಾನು ನಿಮಗೆ ಬೇಡ ಅಂತಲ್ವಾ? ನೀವೇ ಬೇಡ ಅಂದು ತಡೀತಿದೀರಿ ಅಂತ ಒಂದು ವರ್ಷದಿಂದ ಅಂದ್ಕೊಂಡಿದ್ದೆ."

"ಬೇಡದೋರಿಗೆ ಯಾರಾದ್ರೂ ಅರ್ಧ ಬಕೆಟ್ ಹಾಲು ಸುರೀತಾರೇನೇ ಮಗಳೇ?"

ಚೊಯ್ಜಿಲ್ ನಶ್ಯದ ಶೀಸೆಯನ್ನು ಮುಂದೆ ಚಾಚಿದ. ಯಂಜ್ಮಾ ಮೊದಲ ಬಟ್ಟಲನ್ನು ಬ್ಯಾಂಬಾಗೆ ಕೊಡಲಿಲ್ಲ. ಎರಡೂ ಕೈಯಲ್ಲಿ ಹಿಡಿದು ದುಲ್ಮಕ್ಕನಿಗೆ ನೀಡಿದಳು.