ಚಿಕ್ಕಮ್ಮನ ಹೆಪ್ಪು

ಈಗಷ್ಟೇ ಎದುರು ಮನೆಯ ಮಾಮಿ ಸ್ಟೀಲ್ ಬಟ್ಟಲಿನಲ್ಲಿ ಮೊಸರು ತಂದುಕೊಟ್ಟು ಹೋದರು. ಮುಚ್ಚಳ ತೆಗೆದರೆ ಅದೇ ಹುಳಿವಾಸನೆ. ಬೆಸೆಂಟ್ ನಗರದಲ್ಲಿ ಮೊಸರಿಗೇನು ಬರವೇ, ಬೀದಿ ಮೂಲೆಯಲ್ಲಿ ಪ್ಯಾಕೆಟ್ಟು ಸಿಗುವುದಿಲ್ಲವೇ ಎಂದು ನೀವು ಕೇಳಬಹುದು. ಕೇಳಿ. ನನ್ನ ಮಗಳೂ ಕೇಳುತ್ತಾಳೆ, ಅದೂ ತಮಿಳಿನಲ್ಲಿ.

ಇದು ಚಿಕ್ಕಮ್ಮನ ಹೆಪ್ಪು. ಅರವತ್ತನೆಯ ಇಸವಿಯಲ್ಲಿ ನಾವು ಇದೇ ಊರಿನ ತಿರುವಲ್ಲಿಕೇಣಿಯಲ್ಲಿದ್ದೆವು. ಕೆಳಗೆ ಅಪ್ಪನ ಹೋಟೆಲು, ಮೇಲೆ ಮನೆ. ಉಡುಪಿ ಕಡೆಯವರು ಮದ್ರಾಸಿನಲ್ಲಿ ಮತ್ತೇನು ಮಾಡುತ್ತಾರೆ? ಚಿಕ್ಕಪ್ಪ ಮಾತ್ರ ಹಡಗಿನ ಅಡುಗೆಯವನಾಗಿ ಹೋದ. ಸಮುದ್ರ ದಾಟಿದ್ದು ಊರಿಗೆ ಗೊತ್ತಾಗಬಾರದೆಂದು ಅಜ್ಜಿ ಎಲ್ಲರಿಗೂ "ಬೊಂಬಾಯಿ ಹೋಟೆಲಿನಲ್ಲಿದ್ದಾನೆ" ಎನ್ನುತ್ತಿದ್ದಳು. ಚಿಕ್ಕಮ್ಮ ಹೆಪ್ಪು ಹಾಕಿದ ಮೊಸರಲ್ಲದೆ ಬೇರೆಯದು ಅವನಿಗೆ ಗಂಟಲಲ್ಲಿ ಇಳಿಯದು. ಹೊರಡುವ ದಿನ, "ನಾನು ಬರುವವರೆಗೆ ಹೆಪ್ಪು ತಪ್ಪಿಸ್ಬೇಡ ಮಾರಾಯ್ತಿ" ಎಂದು ನಗುತ್ತಾ ಮೆಟ್ಟಿಲಿಳಿದ.

ಆ ಬೇಸಿಗೆಯಲ್ಲಿ ಚಿಲಿ ದೇಶದಲ್ಲಿ ಭೂಮಿ ನಡುಗಿತು. ಆಮೇಲೆ ಸಮುದ್ರ ಹಿಂದೆ ಸರಿದು, ಎದ್ದು ಬಂದು, ಕರಾವಳಿಯ ಊರುಗಳನ್ನು ಗುಡಿಸಿಕೊಂಡು ಹೋಯಿತು. ಗಲ್ಲಾದಲ್ಲಿ ಪೇಪರು ಓದುತ್ತಿದ್ದ ಅಪ್ಪನ ಕಾಫಿ ಹಾಗೆಯೇ ಆರಿತು. ಚಿಕ್ಕಪ್ಪನ ಹಡಗು ಅಲ್ಲಿಯದೇ ಒಂದು ಬಂದರಿನಲ್ಲಿತ್ತು. ಕೆಲವು ವಾರಗಳ ನಂತರ ಹಡಗಿನವರಿಂದ ತಿಳಿದದ್ದಿಷ್ಟು: ಅಂದು ಅವನು ತರಕಾರಿ ತರಲು ದಡಕ್ಕಿಳಿದಿದ್ದ, ಮರಳಲಿಲ್ಲ.

ಅಜ್ಜಿ ಅತ್ತು ಸುಸ್ತಾಗಿ, ಸೂತಕ ಹಿಡಿಯಲೇಬೇಕೆಂದಳು. ಮನೆಯಲ್ಲಿ ಸಾವಾದರೆ ಮಾಡಿಟ್ಟ ಅಡುಗೆ, ಮೊಸರು, ಹೆಪ್ಪು ಎಲ್ಲವನ್ನೂ ಚೆಲ್ಲುವುದು ನಮ್ಮ ಕ್ರಮ. ಎಂದೂ ಎದುರಾಡದ ಚಿಕ್ಕಮ್ಮ ಮೊಸರಿನ ಕುಡಿಕೆಯನ್ನು ಮಡಿಲಲ್ಲಿಟ್ಟುಕೊಂಡು ಸೆರಗು ಸುತ್ತಿ ಕೂತುಬಿಟ್ಟಳು.

"ಇದು ಕೊಡುದಿಲ್ಲ ಅತ್ತೆ. ಚೆಲ್ಲಿದ್ರೆ ಅವ್ರು ಸತ್ತ ಹಾಗೆ."

"ಹೋದವ ಹೋದ ಮಗಾ. ಅವನಿಗೆ ಸದ್ಗತಿ ಬೇಡ್ವಾ?"

"ನೀವು ಕಂಡಿದ್ದೀರಾ? ನಾನೂ ಕಾಣ್ಲಿಲ್ಲ. ಕಾಣದ್ದಕ್ಕೆ ಸೂತಕ ಹಿಡಿಯುದಿಲ್ಲ."

ಊಟಕ್ಕೂ ಏಳಲಿಲ್ಲ. ಸಂಜೆ ಹಾಲು ಕಾಯಿಸುವ ಹೊತ್ತಿಗೆ ಎದ್ದು, ಬೆರಳದ್ದಿ ಬಿಸಿ ನೋಡಿ, ಹೆಪ್ಪು ಹಾಕಿದಳು. ಅಜ್ಜಿ ಮುಖ ಆಚೆ ತಿರುಗಿಸಿಕೊಂಡೇ, "ಮುಚ್ಚಳ ಸರಿ ಮುಚ್ಚು, ಬೆಕ್ಕು ಬರ್ತದೆ" ಎಂದಳು. ಆ ಮನೆಯಲ್ಲಿ ಸೂತಕದ ಮಾತು ಮತ್ತೆ ಬರಲಿಲ್ಲ.

ಚಿಕ್ಕಪ್ಪನೂ ಬರಲಿಲ್ಲ. ಚಿಕ್ಕಮ್ಮ ಕುಂಕುಮ ಅಳಿಸಲಿಲ್ಲ, ಹೆಪ್ಪು ತಪ್ಪಿಸಲಿಲ್ಲ. ಕೊನೆಗಾಲಕ್ಕೆ ನನ್ನ ಜೊತೆಗೆ ಇರಲು ಬಂದಾಗಲೂ ಬಸ್ಸಿನಲ್ಲಿ ಕುಡಿಕೆ ಅವಳ ಮಡಿಲಲ್ಲೇ ಇತ್ತು. ಪಕ್ಕದಲ್ಲಿ ಕೂತ ನನಗೆ ನಾಚಿಕೆಯಾಗಿತ್ತು ಎಂದರೆ ನಂಬಿ.

ಈ ತಿಂಗಳ ಮೊದಲಲ್ಲಿ ಅವಳ ಉಸಿರು ಎಳೆಯತೊಡಗಿದಾಗ ನನಗೆ ಹೊಳೆದದ್ದು ಅದೊಂದೇ. ಬಟ್ಟಲಿನಲ್ಲಿ ಹೆಪ್ಪು ಹಿಡಿದು ಎದುರು ಮನೆಗೆ ಓಡಿದೆ. ಸೂತಕ ಕಳೆಯುವವರೆಗೆ ಇದನ್ನು ಉಳಿಸಿಕೊಡಿ ಎಂದೆ. ಮಾಮಿ ಏನೂ ಕೇಳದೆ, "ಸರಿ ಮಾ, ನಾನ್ ಪಾತ್ತುಕ್ಕರೇನ್" ಎಂದು, ನೋಡಿಕೊಳ್ಳುವ ಭರವಸೆ ಕೊಟ್ಟು, ತೆಗೆದುಕೊಂಡರು. ಚಿಕ್ಕಮ್ಮ ಹೋದ ಮೇಲೆ ನಮ್ಮ ಮನೆಯ ಮೊಸರನ್ನು ಕ್ರಮದಂತೆ ನಾನೇ ಚೆಲ್ಲಿದೆ.

ಇವತ್ತಿಗೆ ಸೂತಕ ಕಳೆಯಿತು. ಹಾಲಿಗೆ ಬೆರಳದ್ದಿ ನೋಡಿದೆ, ಹದವಾಗಿತ್ತು. ಚಿಕ್ಕಪ್ಪ ಬರುವುದಿಲ್ಲವೆಂದು ನನಗೆ ಗೊತ್ತು. ಅವಳಿಗೂ ಗೊತ್ತಿತ್ತೆಂದೇ ಈಗ ಅನಿಸುತ್ತದೆ. ಹೆಪ್ಪು ಹಾಕಿ, ಮುಚ್ಚಳ ಸರಿಯಾಗಿ ಮುಚ್ಚಿದ್ದೇನೆ.